ಗ್ಯಾಲರಿಯ ಫ್ಲ್ಯಾಷ್ ಪಿಚ್ ಮುಟ್ಟುತ್ತದೆಯೇ?

ಪ್ರಶ್ನೆ: ಹಳೆಯ ಹಗಲು-ರಾತ್ರಿ ಕ್ರಿಕೆಟ್ ಪಂದ್ಯಗಳ ವಿಡಿಯೊಗಳಲ್ಲಿ ಗ್ಯಾಲರಿ ತುಂಬ ಫ್ಲ್ಯಾಷ್ ಮಿನುಗುತ್ತವೆ. ಅಷ್ಟು ದೂರಕ್ಕೆ ಅದರಿಂದ ಪ್ರಯೋಜನವಿತ್ತೇ?

ಉತ್ತರ: ಖಂಡಿತ ಇರಲಿಲ್ಲ. ದೂರ 2 ಪಟ್ಟಾದರೆ ಬೀಳುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. 10 ಪಟ್ಟಾದರೆ ನೂರನೇ ಒಂದು ಪಾಲು. ಜೇಬಿನ ಕ್ಯಾಮೆರಾದ ಫ್ಲ್ಯಾಷ್ 3–4 ಮೀಟರ್‌ಗೆ ಸಾಕು, ಅಂದರೆ ಹುಟ್ಟುಹಬ್ಬದ ಕೇಕಿಗೆ. ಕ್ರೀಡಾಂಗಣದಲ್ಲಿ ಅದು ಬೆಳಗುತ್ತಿದ್ದುದು ಮುಂದಿನ ಸಾಲಿನವರ ತಲೆಗಳನ್ನು! ಆಟೊ ಮೋಡ್‌ನಲ್ಲಿ ಬೆಳಕು ಕಡಿಮೆ ಎನಿಸಿದರೆ ಕ್ಯಾಮೆರಾ ತಾನಾಗಿಯೇ ಫ್ಲ್ಯಾಷ್ ಹೊಡೆಯುತ್ತಿತ್ತು. ಅದನ್ನು ಆರಿಸುವ ಗುಂಡಿ ಹುಡುಕುವ ತಾಳ್ಮೆ ಯಾರಿಗಿತ್ತು? ಫ್ಲ್ಯಾಷನ್ನೇ ನಂಬಿ ಶಟರ್ ಬೇಗ ಮುಚ್ಚಿಕೊಂಡರೆ ದೂರದ ಮೈದಾನ ಇನ್ನಷ್ಟು ಕಪ್ಪು. ಟಿವಿಯವರಿಗೆ ಮಾತ್ರ ಆ ಮಿನುಗು ಪುಕ್ಕಟೆ ಅಲಂಕಾರ. ಇಂದು ಆ ಜಾಗ ಮೊಬೈಲ್ ಟಾರ್ಚಿನದು. ನಿಮಗೆ ಫೋಟೊನೇ ಬೇಕಿದ್ದರೆ ಫ್ಲ್ಯಾಷ್ ಆರಿಸಿ, ಮೊಬೈಲನ್ನು ಅಲುಗದಂತೆ ಕಂಬಿಗೆ ಒತ್ತಿ ಹಿಡಿಯಿರಿ.