ಹಿಂದಿ ರಾಷ್ಟ್ರಭಾಷೆಯಂತೆ! ಬೋರ್ಡು, ಭಾಷೆ, ಓಟು: ಯಾರ ಪಾಲು ಎಷ್ಟು?

"ಹಿಂದಿ ರಾಷ್ಟ್ರಭಾಷೆ, ಬರಲೇಬೇಕು." ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ ಆಟೊ ಬಾಡಿಗೆಯ ಚೌಕಾಸಿ ಜಗಳಕ್ಕೆ ತಿರುಗಿದರೆ ಈ ಮಾತು ಬಂದೇ ಬರುತ್ತದೆ. ಆದರೆ ನಮ್ಮ ಸಂವಿಧಾನ ಯಾವ ಭಾಷೆಯನ್ನೂ ರಾಷ್ಟ್ರಭಾಷೆ ಎಂದಿಲ್ಲ. 343ನೇ ವಿಧಿಯ ಪ್ರಕಾರ ಹಿಂದಿ ಕೇಂದ್ರ ಸರ್ಕಾರದ ಆಡಳಿತ ಭಾಷೆ, ಅಷ್ಟೇ. 15 ವರ್ಷಕ್ಕೆ ಜಾಗ ಖಾಲಿ ಮಾಡಬೇಕಿದ್ದ ಇಂಗ್ಲಿಷು 1963ರ ಕಾಯ್ದೆಯ ಬಲದಿಂದ ಜೊತೆಗೇ ಉಳಿಯಿತು. ರಾಜ್ಯದ ಆಡಳಿತ ಯಾವ ಭಾಷೆಯಲ್ಲಿ ಎಂದು ತೀರ್ಮಾನಿಸುವುದು 345ನೇ ವಿಧಿಯಂತೆ ಆಯಾ ವಿಧಾನಮಂಡಲ. ನಮ್ಮದು ಅದೇ 1963ರಲ್ಲಿ ಕನ್ನಡ ಎಂದಿತು.

ಪೇಚು ಬರುವುದು ಎರಡು ಸರ್ಕಾರಗಳೂ ಪಾಲುದಾರರಾದಲ್ಲಿ. ನಮ್ಮ ಮೆಟ್ರೊ ಕೇಂದ್ರ, ರಾಜ್ಯಗಳ ಜಂಟಿ ಕಂಪನಿ. 2017ರ ಜೂನ್‌ನಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರ ಹಾದು ಯಲಚೇನಹಳ್ಳಿವರೆಗೆ ರೈಲು ಓಡತೊಡಗಿತು. ಫಲಕಗಳಲ್ಲಿ ಹಿಂದಿ ಏಕೆ ಎಂಬ ಗಲಾಟೆಯೂ ಆಗಲೇ ಎದ್ದಿತು, ಕೊನೆಗೆ ಹಿಂದಿ ಇಳಿಯಿತು. ಅದನ್ನು ಬರೀ ಭಾಷಾದ್ವೇಷ ಎಂದು ತಳ್ಳಿಹಾಕಿದವರು ಪಾಲಿನ ಪ್ರಶ್ನೆಯನ್ನು ನೋಡಲೇ ಇಲ್ಲ.

"ಅಂಗಡಿ ಬೋರ್ಡಿನಲ್ಲಿ ಶೇ 60 ಕನ್ನಡ ಅಂದರೆ ಬೇರೆ ಭಾಷೆಗೆ ನಿಷೇಧ." ಇದೂ ಸುಳ್ಳು. ರಾಜ್ಯದ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿ ಕೇಳುವುದು ಬೋರ್ಡಿನ ಮೇಲ್ಭಾಗದಲ್ಲಿ ಶೇ 60ರಷ್ಟು ಕನ್ನಡ. ಉಳಿದ ಜಾಗ ಅಂಗಡಿಯವರ ಇಷ್ಟ.

"ಅಲ್ಪಸಂಖ್ಯಾತರು ಅಂದರೆ ಧರ್ಮದ ಲೆಕ್ಕ." ಭಾಷೆಯ ಲೆಕ್ಕವೂ ಇದೆ. ಅದನ್ನು ರಾಜ್ಯವಾರು ಹಾಕಬೇಕೆಂದು 2002ರ ಟಿ.ಎಂ.ಎ. ಪೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2011ರ ಜನಗಣತಿಯಲ್ಲಿ ಕರ್ನಾಟಕದ ಸುಮಾರು ಮೂರನೇ ಒಂದು ಭಾಗದ ಜನರ ಮಾತೃಭಾಷೆ ಕನ್ನಡವಲ್ಲ. ಹಾಗಾಗಿ ಬಿಟಿಎಂನ ಹಿಂದಿ ಭಾಷಿಕರೂ ಇಲ್ಲಿ ಅಲ್ಪಸಂಖ್ಯಾತರೇ, 1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡಿಗರು ಅಲ್ಲಿ ಇರುವಂತೆ. ಕೇರಳದ 1969ರ ಕಾಯ್ದೆ ಅಲ್ಲಿನ ಕನ್ನಡಿಗರಿಗೆ ಸರ್ಕಾರದೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಿ ಎನ್ನುವ 350ಎ ವಿಧಿ ಇಬ್ಬರಿಗೂ ಒಂದೇ. ಕಾಸರಗೋಡಿಗೆ ಬೇಕು, ಬೆಂಗಳೂರಿಗೆ ಬೇಡ ಎನ್ನಲು ಬರುವುದಿಲ್ಲ.

ಹಾಗಾದರೆ ಅಧಿಕಾರದಲ್ಲೂ ಭಾಷಾವಾರು ಪಾಲು ಇದೆಯೇ? ಬೆಲ್ಜಿಯಂನಲ್ಲಿ ಇದೆ: ಪ್ರಧಾನಿಯನ್ನು ಬಿಟ್ಟು ಡಚ್, ಫ್ರೆಂಚ್ ಭಾಷಿಕ ಸಚಿವರು ಸಮಸಂಖ್ಯೆಯಲ್ಲಿರಬೇಕು. ನಮ್ಮಲ್ಲಿ ಭಾಷೆಗೆ ಮೀಸಲು ಕುರ್ಚಿ ಇಲ್ಲ. ರಾಜ್ಯಗಳನ್ನೇ ಭಾಷಾವಾರು ಹಂಚಿಕೊಂಡೆವು.

ಕೊನೆಯದು, "ಬಾಡಿಗೆಯವರಿಗೆ ಇಲ್ಲೆಲ್ಲಿ ಓಟು?" ಪಿ.ಜಿ.ಯಲ್ಲಿದ್ದರೂ ಇದೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ನೋಡುವುದು ಸಾಮಾನ್ಯವಾಗಿ ಎಲ್ಲಿ ವಾಸ ಎಂಬುದನ್ನು. ಹಳೆಯ ಊರಿನ ಪಟ್ಟಿಯಿಂದ ಹೆಸರು ಇಲ್ಲಿಗೆ ತರಲು ನಮೂನೆ 8 ತುಂಬಬೇಕು.