ಮೂರು ಕಿಲೋಮೀಟರ್ ಆಳದಿಂದ ಬಂದ ಒಂದು ಹಿಡಿ ಕಲ್ಲುಪುಡಿ

ಊರಲ್ಲಿ ಬೋರ್‌ವೆಲ್ ಕೊರೆಯುವುದನ್ನು ನೋಡಿದ್ದೀರಲ್ಲ? ಲಾರಿಯ ಸುತ್ತ ಅರ್ಧ ಊರೇ ನೆರೆದಿರುತ್ತದೆ. ಒಣ ಬಿಳಿ ಧೂಳು ಹಾರುತ್ತಿದ್ದರೆ "ಇನ್ನೂ ಬಂಡೆ" ಅನ್ನೋರು, ಪುಡಿ ಒದ್ದೆಯಾದರೆ "ಇನ್ನೇನು ನೀರು ಬಂತು" ಅನ್ನೋರು ಇದ್ದೇ ಇರ್ತಾರೆ. ಕಣ್ಣಿಗೆ ಕಾಣದ ಆಳವನ್ನು ಮೇಲೆ ಬಂದ ಪುಡಿಯಲ್ಲಿ ಓದುವ ಈ ವಿದ್ಯೆಯೇ ತೈಲಬಾವಿಯಲ್ಲಿ ಒಂದು ಪೂರ್ಣಾವಧಿ ಕೆಲಸ. ಹೆಸರು ಮಡ್ ಲಾಗಿಂಗ್. ಕರ್ನಾಟಕದ ಬಹುಭಾಗ ಪುರಾತನ ಗಟ್ಟಿ ಶಿಲೆ, ಅದರಲ್ಲಿ ಎಣ್ಣೆ ಸಿಗೋದಿಲ್ಲ. ಹಾಗಾಗಿ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದ ನಮ್ಮ ಮಕ್ಕಳು ಈ ಕೆಲಸ ಹಿಡಿದರೆ ಅಸ್ಸಾಂಗೋ, ಮುಂಬೈ ಹೈಗೋ, ಗಲ್ಫಿಗೋ ಹೋಗಬೇಕು.

ಬೋರ್‌ವೆಲ್‌ನಲ್ಲಿ ಪುಡಿಯನ್ನು ಗಾಳಿ ಮೇಲೆ ತರುತ್ತದೆ. ತೈಲಬಾವಿಯಲ್ಲಿ ಆ ಕೆಲಸ 'ಮಡ್' ಎಂಬ ಗಟ್ಟಿ ದ್ರವದ್ದು. ನೀರಿಗೋ ಎಣ್ಣೆಗೋ ಜೇಡಿ ಮಣ್ಣು, ತೂಕ ಹೆಚ್ಚಲು ಬೆರೈಟ್ ಪುಡಿ ಬೆರೆಸಿ ತಯಾರಿಸುತ್ತಾರೆ. (ಈ ಬೆರೈಟ್‌ಗೆ ಆಂಧ್ರದ ಮಂಗಂಪೇಟೆ ಹೆಸರುವಾಸಿ.) ಕೊಳವೆಯೊಳಗೆ ಇಳಿದ ಮಡ್ ಬಿಟ್‌ನ ತೂತುಗಳಿಂದ ಚಿಮ್ಮಿ, ಕೊಳವೆಗೂ ಬಾವಿಯ ಗೋಡೆಗೂ ನಡುವಿನ ಸಂದಿಯಲ್ಲಿ ಕಲ್ಲಿನ ಚೂರುಗಳನ್ನು ಹೊತ್ತು ಮೇಲೇರುತ್ತದೆ. ಮೇಲೆ ಅಲುಗಾಡುವ ಜರಡಿ ಚೂರುಗಳನ್ನು ಹಿಡಿದು, ಮಡ್ ಅನ್ನು ತೊಟ್ಟಿಗೆ ಬಿಡುತ್ತದೆ. ಅಷ್ಟೇ ಅಲ್ಲ, ಆ ತೂಕವೇ ಕೆಳಗಿನ ಅನಿಲ ನುಗ್ಗದಂತೆ ಅದುಮಿಟ್ಟಿರುತ್ತದೆ.

ಈಗ ಸಿಕ್ಕಿರುವ ಚೂರು ಈಗ ಕೊರೆದದ್ದಲ್ಲ! ಮೂರು ಸಾವಿರ ಮೀಟರ್ ಹತ್ತಿ ಬರಲು ಒಂದು ಗಂಟೆಗೂ ಹೆಚ್ಚು ಬೇಕಾಗಬಹುದು. ಅಷ್ಟರಲ್ಲಿ ಬಿಟ್ ಇನ್ನೂ ಕೆಳಗೆ ಹೋಗಿರುತ್ತದೆ. ಈ ತಡವೇ 'ಲ್ಯಾಗ್'. ಸಂದಿಯ ಗಾತ್ರವನ್ನೂ ಪಂಪಿನ ವೇಗವನ್ನೂ ಹಿಡಿದು ಲೆಕ್ಕ ಹಾಕಬಹುದು. ಆದರೆ ಗೋಡೆ ಅಲ್ಲಲ್ಲಿ ಕುಸಿದು ಅಗಲವಾಗಿದ್ದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಹಳೇ ಉಪಾಯ, ಕಾಗದದಲ್ಲಿ ಸುತ್ತಿದ ಕ್ಯಾಲ್ಸಿಯಂ ಕಾರ್ಬೈಡ್ ಅನ್ನು ಕೊಳವೆಗೆ ಹಾಕುವುದು. ನೀರು ತಗುಲಿ ಅಸಿಟಿಲೀನ್ ಹುಟ್ಟಿ ಸುತ್ತಿ ಬಂದು ಯಂತ್ರಕ್ಕೆ ಸಿಕ್ಕಿಬೀಳುತ್ತದೆ. ಹೌದು, ಮಾವು ಹಣ್ಣು ಮಾಡೋಕೆ ಕದ್ದು ಬಳಸ್ತಾರಲ್ಲ, ಅದೇ ಕಾರ್ಬೈಡು. ಕೆಲವರು ಅಕ್ಕಿ ಹಾಕಿ ಜರಡಿಯ ಮೇಲೆ ಕಾಯುವುದೂ ಉಂಟು.

ಚೂರುಗಳನ್ನು ತೊಳೆದು, ಸೋಸಿ, ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಒಂದು ಹನಿ ತೆಳು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ನೊರೆ ಉಕ್ಕಿದರೆ ಸುಣ್ಣಕಲ್ಲು. ಆಮೇಲೆ ನೇರಳಾತೀತ ದೀಪದ ಕತ್ತಲೆ ಪೆಟ್ಟಿಗೆ: ಎಣ್ಣೆ ಅಂಟಿದ ಮರಳುಕಲ್ಲು ಹಳದಿಯಾಗಿಯೋ ನೀಲಿಬಿಳುಪಾಗಿಯೋ ಹೊಳೆಯುತ್ತದೆ. ಮೋಸಗಳೂ ಉಂಟು. ಕೊಳವೆಯ ಗ್ರೀಸ್ ಹೊಳೆಯುತ್ತದೆ, ಕೆಲವು ಖನಿಜಗಳೂ ಹೊಳೆಯುತ್ತವೆ. ಮಡ್ ಸೋರದಿರಲೆಂದು ಹಾಕಿದ ಅಕ್ರೋಟಿನ ಚಿಪ್ಪಿನ ಪುಡಿ 'ಹೊಸ ಪದರ' ಎಂಬ ಭ್ರಮೆ ಹುಟ್ಟಿಸಬಹುದು. ಮೇಲಿನ ಗೋಡೆಯಿಂದ ಉದುರಿದ ಚೂರುಗಳೂ ಬೆರೆತಿರುತ್ತವೆ. ಅವು ಹೆಚ್ಚಾದರೆ ಗೋಡೆ ನಿಲ್ಲುತ್ತಿಲ್ಲ ಎಂಬ ಮುನ್ಸೂಚನೆ.

ಇನ್ನು ಅನಿಲ. ಜರಡಿಯ ಹತ್ತಿರವೇ ಮಡ್ ಅನ್ನು ಕಡೆಯುವ ಪುಟ್ಟ ಯಂತ್ರ, ಮಜ್ಜಿಗೆ ಕಡೆದ ಹಾಗೆ. ಬಿಡುಗಡೆಯಾದ ಅನಿಲ ಕ್ಯಾಬಿನ್ನಿನ ಕ್ರೊಮ್ಯಾಟೋಗ್ರಾಫ್‌ಗೆ ಬಂದು ಮೀಥೇನ್, ಈಥೇನ್, ಪ್ರೊಪೇನ್ ಎಂದು ಪೆಂಟೇನ್‌ವರೆಗೆ ಬೇರೆಯಾಗುತ್ತದೆ. ಬರೀ ಮೀಥೇನ್ ಇದ್ದರೆ ಒಣ ಅನಿಲ, ಭಾರದವು ಏರಿದರೆ ಎಣ್ಣೆಯ ಆಸೆ. ಪಂಪ್ ನಿಲ್ಲಿಸಿ ಕೊಳವೆ ಜೋಡಿಸುವಾಗಲೆಲ್ಲ ಅನಿಲ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತಿದ್ದರೆ ಮಡ್‌ನ ತೂಕ ಸಾಲುತ್ತಿಲ್ಲ ಎಂದರ್ಥ. ತೊಟ್ಟಿಯ ಮಟ್ಟ ಕಾರಣವಿಲ್ಲದೆ ಏರಿದರಂತೂ ಕೆಳಗಿನಿಂದ ಏನೋ ನುಗ್ಗುತ್ತಿದೆ. ಆಗ ಡ್ರಿಲ್ಲರ್‌ಗೆ ಫೋನ್ ಮಾಡಬೇಕು, ತಕ್ಷಣ. ಫೋನ್ ಮಾಡುವವರು ಹೆಚ್ಚಾಗಿ ರಿಗ್ಗಿನ ಚಿಕ್ಕ ವಯಸ್ಸಿನವರು, ಎತ್ತುವವರು ಇಪ್ಪತ್ತು ವರ್ಷ ಪಳಗಿದವರು. ಕ್ರೊಮ್ಯಾಟೋಗ್ರಾಫ್ ಕಲಿಯುವುದಕ್ಕಿಂತ ಈ ಫೋನ್ ಮಾಡೋದು ಕಷ್ಟ ಅಂತ ನನ್ನ ಭಾವನೆ.

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ 'ಡೀಪ್‌ವಾಟರ್ ಹೊರೈಜನ್' ರಿಗ್ಗಿನಲ್ಲಿ ಕೊರೆತ ಮುಗಿದಿತ್ತು. ಬಾವಿಯ ಭಾರದ ಮಡ್ ತೆಗೆದು ಸಮುದ್ರದ ನೀರು ತುಂಬುತ್ತಿದ್ದರು. ಮಧ್ಯಾಹ್ನ ಆ ಮಡ್ ಅನ್ನು ಪಕ್ಕದ ಹಡಗಿಗೆ ಸಾಗಿಸುತ್ತಿದ್ದರಿಂದ ಎಷ್ಟು ಒಳಹೋಯಿತು, ಎಷ್ಟು ಹೊರಬಂತು ಎಂಬ ತಾಳೆ ನೋಡುವುದೇ ಕಷ್ಟವಾಗಿತ್ತು. ರಾತ್ರಿ ಒಂಬತ್ತರ ಸುಮಾರಿಗೆ ಪಂಪ್ ನಿಲ್ಲಿಸಿದರು. ಪಂಪ್ ನಿಂತ ಮೇಲೆ ಕೊಳವೆಯ ಒತ್ತಡ ಏರಬಾರದು, ಆದರೆ ಏರಿತು. ಆ ಗೆರೆ ದಾಖಲೆಯಲ್ಲಿದೆ. ಅದೇ ಹೊತ್ತಿಗೆ ಹೊರಬರುವ ದ್ರವವನ್ನು ಮಡ್ ಲಾಗರ್‌ನ ಹರಿವಿನ ಮಾಪಕ ದಾಟಿಸಿ ನೇರ ಸಮುದ್ರಕ್ಕೆ ಬಿಟ್ಟಿದ್ದರು. 9.49ರ ಸುಮಾರಿಗೆ ಸ್ಫೋಟ. 11 ಮಂದಿ ತೀರಿಕೊಂಡರು, 87 ದಿನ ಎಣ್ಣೆ ಸಮುದ್ರಕ್ಕೆ ಹರಿಯಿತು. ಸೂಚನೆ ಪರದೆಯ ಮೇಲಿತ್ತು, ಅದನ್ನು ಹಿಡಿದು ಕೂಗುವ ಸ್ಥಿತಿಯಲ್ಲಿ ಯಾರನ್ನೂ ಇಟ್ಟಿರಲಿಲ್ಲ.

ಹನ್ನೆರಡು ಗಂಟೆಯ ಪಾಳಿ, ದಿನಗಟ್ಟಲೆ ಏನೂ ಆಗದ ಗೆರೆಗಳು, ಕೈಗೆಲ್ಲ ಮಡ್. ಈ ಕೆಲಸಕ್ಕೆ ಹೊರಟ ಮಗನನ್ನೋ ಮಗಳನ್ನೋ "ಅಲ್ಲಿ ನೀನು ಏನ್ ಮಾಡ್ತೀಯಪ್ಪ?" ಎಂದು ಮನೆಯವರು ಕೇಳಿದರೆ "ಕಲ್ಲು ತೊಳೀತೀನಿ" ಎಂಬ ಉತ್ತರ ಬರಬಹುದು. ಆ ತೊಳೆದ ಚೂರುಗಳು ಒಣಗಿ, ಬಾವಿಯ ಹೆಸರು ಮತ್ತು ಆಳ ಬರೆದ ಪುಟ್ಟ ಪೊಟ್ಟಣಗಳಲ್ಲಿ ಉಗ್ರಾಣ ಸೇರುತ್ತವೆ. ಬಾವಿ ಮುಚ್ಚಿ ವರ್ಷಗಳಾದ ಮೇಲೂ ಯಾರಾದರೂ ಅವನ್ನು ಬಿಚ್ಚಿ ಮತ್ತೆ ಸೂಕ್ಷ್ಮದರ್ಶಕದಡಿ ಇಡುವುದುಂಟು.