ಗಾಳ ಹಾಕೋಕೂ ಒಂದು ಮರ್ಯಾದೆ ಇದೆ

ರಸ್ತೆಯಲ್ಲಿ ಸಿಗ್ನಲ್ ಇದೆ. ಬ್ಯಾಂಕಿನಲ್ಲಿ ಟೋಕನ್ ಇದೆ. ದೇವಸ್ಥಾನದಲ್ಲಿ ಕ್ಯೂ ಇದೆ. ಕಡಲತೀರದಲ್ಲಿ ಏನಿದೆ? ಏನೂ ಇಲ್ಲ. ಗೆರೆ ಇಲ್ಲ, ಸೀಟ್ ನಂಬರ್ ಇಲ್ಲ, ‘ನೆಕ್ಸ್ಟ್’ ಅಂತ ಕೂಗೋರೂ ಇಲ್ಲ. ಅಲ್ಲಿ ಹತ್ತು ಜನ ಉದ್ದುದ್ದ ರಾಡ್ ಹಿಡಿದು ಸಾಲಾಗಿ ನಿಂತರೆ ಯಾರು ಎಲ್ಲಿ ನಿಲ್ಲಬೇಕು, ಯಾರು ಮೊದಲು ಎಸೆಯಬೇಕು, ಯಾರು ದಾರಿ ಬಿಡಬೇಕು? ಇದನ್ನು ಯಾವ ಕಾನೂನೂ ಹೇಳೋದಿಲ್ಲ. ಹೇಳಬೇಕಾದ್ದು ನಮ್ಮ ನಡವಳಿಕೆ.

‘ಅಲ್ಲ ಸ್ವಾಮಿ, ಮೀನು ಹಿಡಿಯೋದ್ರಲ್ಲಿ ಎಂಥಾ ಮರ್ಯಾದೆ, ಇದೂ ಒಂದು ವಿಷಯಾನಾ’ ಅಂತ ನೀವು ಕೇಳಬಹುದು. ವಿಷಯ ಇದೆ. ಮೊದಲೆಲ್ಲ ದಡದಲ್ಲಿ ನಿಂತು ಗಾಳ ಹಾಕುತ್ತಿದ್ದವರು ಹೆಚ್ಚಾಗಿ ಅಲ್ಲಿಯ ಊರಿನವರೇ. ಒಬ್ಬರ ಮುಖ ಒಬ್ಬರಿಗೆ ಗೊತ್ತು, ಒಬ್ಬರ ಅಪ್ಪ ಇನ್ನೊಬ್ಬರ ಅಪ್ಪನಿಗೆ ಗೊತ್ತು. ಈಗ ಹಾಗಿಲ್ಲ. ಆನ್‌ಲೈನ್‌ನಲ್ಲಿ ರಾಡು, ರೀಲು ಮನೆ ಬಾಗಿಲಿಗೇ ಬರುತ್ತೆ. ಶನಿವಾರ ರಾತ್ರಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಕಾರು ಹೊರಟರೆ ಭಾನುವಾರ ಬೆಳಗ್ಗೆ ಉಳ್ಳಾಲದಲ್ಲೋ ಮಲ್ಪೆಯಲ್ಲೋ ಕಾರವಾರದಲ್ಲೋ ಕಡಲಿನ ಮುಂದೆ. ಹವ್ಯಾಸ ಒಳ್ಳೆಯದೇ. ಆದರೆ ಬಾಕ್ಸ್ ಒಳಗೆ ರಾಡ್ ಬರುತ್ತೆ, ರೀಲ್ ಬರುತ್ತೆ. ಹೇಗೆ ನಡೆದುಕೊಳ್ಳಬೇಕು ಅನ್ನೋ ಚೀಟಿ ಮಾತ್ರ ಬರೋದಿಲ್ಲ.

ಮುನ್ನೂರು ಕಿಲೋಮೀಟರ್ ಮೀರಿದ ಕರಾವಳಿ ನಮ್ಮದು. ಇಷ್ಟುದ್ದ ಜಾಗ ಇರುವಾಗ ಒಂದೇ ಕಡೆ ಯಾಕೆ ನುಗ್ಗಾಟ? ಕಾರಣ ಸರಳ. ಮೀನು ಎಲ್ಲಾ ಕಡೆ ಸಮನಾಗಿ ಇರೋದಿಲ್ಲ. ಅಲೆ ಒಡೆಯುವ ಮರಳ ದಿಣ್ಣೆಗೂ ದಡಕ್ಕೂ ನಡುವೆ ಒಂದು ತಗ್ಗು ಇರುತ್ತೆ. ಅಲೆಯ ಹೊಡೆತಕ್ಕೆ ಮರಳಿನಿಂದ ಎದ್ದ ಹುಳ, ಏಡಿಮರಿ, ಸಿಗಡಿ ಎಲ್ಲ ಅಲ್ಲಿ ಸೇರುತ್ತವೆ. ಅದನ್ನು ತಿನ್ನೋಕೆ ಕಾಣೆಯಂಥ ಮೀನು ಬರುತ್ತೆ. ಇನ್ನು ನದಿ ಕಡಲು ಸೇರುವ ಅಳಿವೆ. ಉಳ್ಳಾಲ–ಬೆಂಗ್ರೆ ನಡುವಿನ ನೇತ್ರಾವತಿ ಅಳಿವೆ ಆಗಲಿ, ಸಸಿಹಿತ್ಲುವಿನ ಶಾಂಭವಿ–ನಂದಿನಿ ಅಳಿವೆ ಆಗಲಿ, ಗಂಗೊಳ್ಳಿ ಆಗಲಿ, ನೀರು ಏರುವ ಹೊತ್ತಿಗೆ ಅಲ್ಲಿ ಮೀನಿನ ಓಡಾಟ ಜಾಸ್ತಿ. ಒಳ್ಳೆ ಜಾಗ ಕಡಿಮೆ, ಒಳ್ಳೆ ಹೊತ್ತು ಇನ್ನೂ ಕಡಿಮೆ. ಉಬ್ಬರದ ಸಮಯ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದಕ್ಕೆ ಹೋಗುತ್ತೆ. ಅದು ಬೆಳಗಿನ ಜಾವಕ್ಕೂ ರಜಾದಿನಕ್ಕೂ ಕೂಡಿ ಬಂತೋ, ಸಂತೆ ಅಂತಲೇ ತಿಳ್ಕೊಳ್ಳಿ.

ಈಗ ಮುಖ್ಯ ಮಾತಿಗೆ ಬರ್ತೀನಿ. ಹೊಸಬರು ಮಾಡುವ ಲೆಕ್ಕ ಏನು? ‘ನಾನು ನಿಂತಿರೋದು ಎರಡಡಿ ಜಾಗದಲ್ಲಿ, ಪಕ್ಕದವನಿಗೂ ನನಗೂ ಮೂವತ್ತು ಅಡಿ ಇದೆ, ಸಾಕಲ್ಲ.’ ಇಲ್ಲೇ ಲೆಕ್ಕ ತಪ್ಪೋದು. ಗಾಳ ಹಾಕುವವನ ಜಾಗ ಅವನ ಕಾಲ ಕೆಳಗಿನ ಮರಳಲ್ಲ. ಅವನ ಮುಂದೆ 80 ಮೀಟರ್ ದೂರದವರೆಗೆ ನೀರಿನಲ್ಲಿ ಬಿದ್ದಿರುವ, ಕಣ್ಣಿಗೆ ಕಾಣದ ದಾರ ಇದೆಯಲ್ಲ, ಅದು ಅವನ ಜಾಗ. ನೀವು ನೇರವಾಗಿ ಎಸೆಯದೆ ಬರೀ 15 ಡಿಗ್ರಿ ಓರೆಯಾಗಿ ಎಸೆದಿರಿ ಅಂದ್ಕೊಳ್ಳಿ. 80 ಮೀಟರ್ ಹೋಗುವಷ್ಟರಲ್ಲಿ ನಿಮ್ಮ ಸೀಸದ ಗುಂಡು ಪಕ್ಕಕ್ಕೆ 20 ಮೀಟರ್ ಸರಿದಿರುತ್ತೆ. ಹತ್ತು ಹತ್ತು ಮೀಟರಿಗೆ ಒಬ್ಬರು ನಿಂತಿದ್ದರೆ, ಪಕ್ಕದವನನ್ನೂ ದಾಟಿ ಅವನ ಆಚೆಯವನ ಮುಂದೆ ಹೋಗಿ ಬಿತ್ತು. ಮೂವರ ದಾರ ಗಂಟು. ಮೂವರ ಬೆಳಗೂ ಹಾಳು. ಉಬ್ಬರದ ಒಳ್ಳೆ ಹೊತ್ತೆಲ್ಲ ಗಂಟು ಬಿಡಿಸೋದ್ರಲ್ಲೇ ಹೋಯ್ತು.

ಹಾಗಾಗಿ ಮೊದಲ ಪಾಠ, ನಿಮ್ಮ ಮೂಗಿನ ನೇರಕ್ಕೆ ಎಸೆಯಿರಿ. ಎರಡನೆಯದು, ಎಸೆಯುವ ಮೊದಲು ನೋಡಿ. ಐದು ನಿಮಿಷ ಸುಮ್ಮನೆ ನಿಂತು ನೀರು ಯಾವ ಕಡೆ ಎಳೆಯುತ್ತಿದೆ ಅಂತ ಗಮನಿಸಿ. ದಡಕ್ಕೆ ಸಮಾನಾಂತರವಾಗಿ ಹರಿಯುವ ನೀರು ಹಗುರ ಗುಂಡನ್ನು ಪಕ್ಕಕ್ಕೆ ಎಳೆದುಕೊಂಡು ಹೋಗುತ್ತೆ. ನೀವು ನೇರವಾಗಿಯೇ ಎಸೆದಿದ್ದರೂ ಹತ್ತು ನಿಮಿಷದಲ್ಲಿ ನಿಮ್ಮ ದಾರ ಪಕ್ಕದವನ ದಾರದ ಮೇಲೆ ಕೂತಿರುತ್ತೆ. ಪಕ್ಕದವರು ಎಷ್ಟು ತೂಕದ ಸೀಸ ಕಟ್ಟಿದ್ದಾರೆ ಕೇಳಿ, ಅಷ್ಟೇ ಕಟ್ಟಿ.

ಇದು ನಮ್ಮ ಕಡೆಯ ಮಾತು ಮಾತ್ರ ಅಲ್ಲ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಕೇಪ್ ಹ್ಯಾಟರಸ್ ಅಂತ ಒಂದು ಕಡಲಂಚು ಇದೆ. ರೆಡ್ ಡ್ರಮ್ ಅನ್ನೋ ದೊಡ್ಡ ಮೀನಿಗೋಸ್ಕರ ಅಲ್ಲಿ ಜನ ಭುಜಕ್ಕೆ ಭುಜ ತಾಗಿಸಿಕೊಂಡು ನಿಲ್ಲುತ್ತಾರೆ. ಅಲ್ಲಿ ಗಾಳ ಹಾಕುವವರ ಬಾಯಲ್ಲಿ ಒಂದು ಮಾತಿದೆ: ‘ಎಯ್ಟ್ ಅಂಡ್ ಬೇಟ್’. ಎಂಟು ಔನ್ಸ್ ಸೀಸ, ಅಂದರೆ ಸುಮಾರು 227 ಗ್ರಾಂ, ಜೊತೆಗೆ ಎರೆ. ಅದನ್ನು ಎಸೆಯುವ ತಾಕತ್ತಿಲ್ಲ ಅಂದ್ರೆ ಸಾಲಿನಲ್ಲಿ ನಿಲ್ಲಬೇಡ ಅಂತ ಅರ್ಥ. ಕೇಳೋಕೆ ಒರಟು ಅನಿಸುತ್ತೆ. ಆದರೆ ಎಲ್ಲರ ಗುಂಡೂ ಒಂದೇ ತೂಕ ಇದ್ದರೆ ಎಲ್ಲರ ದಾರವೂ ಒಂದೇ ರೀತಿ ನಿಲ್ಲುತ್ತೆ, ಒಂದೇ ರೀತಿ ಸರಿಯುತ್ತೆ. ಜಗಳವೇ ಹುಟ್ಟೋದಿಲ್ಲ.

ಮೂರನೆಯದು ಜೀವದ ಪ್ರಶ್ನೆ. ನೂರು ಗ್ರಾಂ ಸೀಸ 80 ಮೀಟರ್ ಹಾರಬೇಕಾದರೆ ರಾಡಿನ ತುದಿಯಿಂದ ಹೊರಡುವಾಗ ಅದರ ವೇಗ ಗಂಟೆಗೆ 100 ಕಿಲೋಮೀಟರ್ ಮುಟ್ಟಲೇಬೇಕು. ಕ್ರಿಕೆಟ್ ಚೆಂಡಿನ ತೂಕದ ಮೂರನೇ ಎರಡು ಭಾಗ ತೂಗುವ ಲೋಹದ ಗುಂಡು, ಹಿಂದೆ ಚೂಪಾದ ಗಾಳ. ಹೆಲ್ಮೆಟ್ ಹಾಕಿದ ಬ್ಯಾಟ್ಸ್‌ಮನ್ ಅಲ್ಲ ನಿಮ್ಮ ಹಿಂದೆ ಇರೋದು, ಮರಳಲ್ಲಿ ಮನೆ ಕಟ್ಟುತ್ತಿರುವ ಮಗು. ಎಸೆಯುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡಿ. ‘ಹಾಕ್ತಾ ಇದ್ದೀನಿ’ ಅಂತ ಗಟ್ಟಿಯಾಗಿ ಹೇಳಿ. ಈಜುವವರ ತಲೆಯ ಮೇಲಿಂದ ಎಸೆಯೋದಂತೂ ಬೇಡವೇ ಬೇಡ. ಕಾಸರಕೋಡು, ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಅಂಥ ಕಡೆ ಜನ ಬರೋದೇ ಸ್ನಾನಕ್ಕೆ. ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆದ ಮೇಲೆ ಹಲಗೆ ಹಿಡಿದವರೂ ಕಡಲಿಗೆ ಹಕ್ಕುದಾರರೇ. ಅವರು ಮೊದಲೇ ನೀರಲ್ಲಿದ್ದರೆ ನೀವು ನೂರು ಹೆಜ್ಜೆ ಆಚೆ ಹೋಗಿ. ರಾಡನ್ನು ಹೊತ್ತುಕೊಂಡು ನಡೆಯಬಹುದು, ಈಜುವವನಿಗೆ ಗಾಳ ಕಾಣೋದಿಲ್ಲ.

ನಾಲ್ಕನೆಯದು, ಪಕ್ಕದವನಿಗೆ ಮೀನು ಕಚ್ಚಿದಾಗ. ದೊಡ್ಡ ಮೀನು ನೇರವಾಗಿ ಬರೋದಿಲ್ಲ, ಎಡಕ್ಕೂ ಬಲಕ್ಕೂ ಓಡುತ್ತೆ. ಅವನು ‘ಮೀನು!’ ಅಂತ ಕೂಗಿದ ತಕ್ಷಣ ನಿಮ್ಮ ದಾರ ಸುತ್ತಿಕೊಳ್ಳಿ, ದಾರಿ ಬಿಡಿ. ಅವನ ಮೀನು ನಿಮಗೇನೂ ನಷ್ಟ ಅಲ್ಲ. ನಾಳೆ ನಿಮ್ಮ ಸರದಿ. ಕೂಗಿದವನೂ ಅಷ್ಟೇ, ವಿಡಿಯೊ ಮಾಡಿಸಿಕೊಳ್ಳೋಕೆ ಅಂತ ಅರ್ಧ ಗಂಟೆ ಆಟ ಆಡಿಸಬಾರದು. ಬೇಗ ದಡಕ್ಕೆ ತಂದು ಮತ್ತೆ ತನ್ನ ಜಾಗಕ್ಕೆ ಬರಬೇಕು. ಆ ಜಾಗವನ್ನು ಅಷ್ಟರಲ್ಲಿ ಇನ್ನೊಬ್ಬ ಹಿಡಿದಿರಬಾರದು. ದಾರ ಗಂಟಾದರೆ ಮಾತು ಬೆಳೆಸದೆ, ಯಾರು ಆಮೇಲೆ ಎಸೆದರೋ ಅವರು ತಮ್ಮ ದಾರ ಕತ್ತರಿಸಲಿ. ಇನ್ನೊಬ್ಬರ ದಾರಕ್ಕೆ ಕೇಳದೆ ಚಾಕು ಹಾಕೋದು ಅಂದ್ರೆ ಅವರ ಜೇಬಿಗೆ ಕೈ ಹಾಕಿದ ಹಾಗೆ.

ಇಲ್ಲಿಯವರೆಗೆ ಹೇಳಿದ್ದು ಹವ್ಯಾಸಿಗಳು ಹವ್ಯಾಸಿಗಳ ಜೊತೆ ನಡೆದುಕೊಳ್ಳುವ ಮಾತು. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅದೇ ದಡದಲ್ಲಿ ಹೊಟ್ಟೆಪಾಡಿಗೆ ನಿಂತವರೂ ಇದ್ದಾರೆ.

ಕೈರಂಪಣಿ ಅಂದ್ರೆ ಏನು ಅಂತ ಘಟ್ಟದ ಮೇಲಿನವರಿಗೆ ಹೇಳ್ತೀನಿ ಕೇಳಿ. ಒಂದು ದೋಣಿ ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಬಿಟ್ಟು ಕಡಲಿಗೆ ಇಳಿಯುತ್ತೆ. ಅರ್ಧಚಂದ್ರದ ಹಾಗೆ ಬಲೆ ಬಿಡುತ್ತಾ ಹೋಗಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡ ಮುಟ್ಟಿಸುತ್ತೆ. ಆಮೇಲೆ ಎರಡೂ ಕಡೆ ಜನ ಸಾಲಾಗಿ ನಿಂತು ಎಳೆಯುತ್ತಾರೆ. ಎಳೆಯುತ್ತಾ ಎರಡೂ ಸಾಲು ಹತ್ತಿರ ಹತ್ತಿರ ಬರುತ್ತವೆ. ಇದರ ದೊಡ್ಡಣ್ಣ ರಂಪಣಿ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಬಂಗುಡೆ, ಬೂತಾಯಿ ಗುಂಪನ್ನು ಕಡಲಿನಲ್ಲೇ ಸುತ್ತುವರಿಯುವುದು ಶುರುವಾಯಿತು. ದಡಕ್ಕೆ ಮೀನು ಬರೋದು ಕಡಿಮೆಯಾಯಿತು, ರಂಪಣಿ ಸೋತಿತು. ಉಳಿದುಕೊಂಡಿರುವ ಕೈರಂಪಣಿ ಅದರ ಚಿಕ್ಕ ರೂಪ. ಒಬ್ಬ ಸಾಹುಕಾರನ ದಂಧೆ ಅಲ್ಲ ಅದು. ಹತ್ತಾರು ಮನೆಯವರು ಒಟ್ಟಾಗಿ ಎಳೆದು ಹಂಚಿಕೊಳ್ಳುವ ಕೆಲಸ.

ಅವರು ಬಲೆ ಬಿಡುವ ಹೊತ್ತನ್ನು ಅವರು ಆರಿಸಿಕೊಳ್ಳೋಕೆ ಆಗೋದಿಲ್ಲ. ದಡದಲ್ಲಿ ನಿಂತು ನೀರಿನ ಬಣ್ಣ ನೋಡುತ್ತಾರೆ, ಹಕ್ಕಿ ಎಲ್ಲಿ ಎರಗುತ್ತಿದೆ ನೋಡುತ್ತಾರೆ. ಮೀನಿನ ಗುಂಪು ಕಂಡಾಗ ಹೊರಡಲೇಬೇಕು. ಆಗ ನೀವು ‘ನಾನು ಬೆಳಗ್ಗೆ ಐದಕ್ಕೇ ಬಂದಿದ್ದೀನಿ, ಇದು ನನ್ನ ಜಾಗ’ ಅಂದರೆ ಹೇಗಿರುತ್ತೆ? ನಿಮ್ಮ ಗಾಳ ಆ ಬಲೆಗೆ ಸಿಕ್ಕಿಕೊಂಡರೆ ನಿಮಗೆ ಹೋಗೋದು ಒಂದು ಗಾಳ, ಒಂದು ಗುಂಡು. ಅವರಿಗೆ ಬಲೆ ಹರಿಯುತ್ತೆ, ಮೀನು ನುಸುಳುತ್ತೆ. ಬಲೆ ಎಳೆಯುವವನ ಅಂಗೈಗೆ ಆ ಗಾಳ ಚುಚ್ಚಿದರೆ ವಾರಗಟ್ಟಲೆ ಅವನ ದುಡಿಮೆ ನಿಲ್ಲಬಹುದು. ದೋಣಿ ನೀರಿಗಿಳಿದದ್ದು ಕಂಡ ಕೂಡಲೇ ದಾರ ಸುತ್ತಿ ಹಿಂದೆ ಸರಿಯೋದು ಉಪಕಾರ ಅಲ್ಲ, ಕರ್ತವ್ಯ. ನಿಮಗೆ ಇನ್ನೊಂದು ಜಾಗ ಇದೆ, ಇನ್ನೊಂದು ಭಾನುವಾರ ಇದೆ. ಅವರಿಗೆ ಆ ಗುಂಪು ಮತ್ತೆ ಬರೋದಿಲ್ಲ. ಬೇರೆ ದಾರಿ ಇರುವವನು, ಬೇರೆ ದಾರಿ ಇಲ್ಲದವನಿಗೆ ಜಾಗ ಬಿಡಬೇಕು. ಬೀಸುಬಲೆ ಹಿಡಿದು ಬರುವ ಒಂಟಿ ಮೀನುಗಾರನಿಗೂ ಇದೇ ಮಾತು, ಅಳಿವೆಯಲ್ಲಿ ಬರಿಗಾಲಲ್ಲಿ ಚಿಪ್ಪು ಹೆಕ್ಕುವ ಹೆಂಗಸರಿಗೂ ಇದೇ ಮಾತು.

ಹಾಗಂತ ಇನ್ನೊಂದು ಕಡೆಯ ಮಾತನ್ನೂ ಹೇಳಬೇಕಲ್ಲ? ‘ನೀನು ಘಟ್ಟದವನು, ಇದು ನಮ್ಮ ಬೀಚು, ನಡಿ’ ಅನ್ನೋದೂ ಸರಿ ಅಲ್ಲ. ಕಡಲತೀರ ಯಾರ ಪಿತ್ರಾರ್ಜಿತವೂ ಅಲ್ಲ. ಕಡಲು, ನದಿ, ಕಾಡು ಇಂಥವೆಲ್ಲ ಜನರ ಪರವಾಗಿ ಸರ್ಕಾರ ನಂಬಿಕೆಯಿಂದ ಕಾಯಬೇಕಾದ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಕಮಲ್ ನಾಥ್ ಪ್ರಕರಣದಲ್ಲಿ ಹೇಳಿದೆ. ಎಲ್ಲರ ಸ್ವತ್ತು ಅಂದ ಮೇಲೆ ಬೆಳಗ್ಗೆ ಬಂದವನು ಒಬ್ಬನೇ ಐದು ರಾಡ್ ನೆಟ್ಟು ಐವತ್ತು ಮೀಟರ್ ಬೇಲಿ ಹಾಕೋದೂ ತಪ್ಪು, ಬರದೇ ಇರುವ ಗೆಳೆಯನಿಗೆ ಖಾಲಿ ಕೋಲು ನೆಟ್ಟು ಸೀಟ್ ಹಿಡಿಯೋದೂ ತಪ್ಪು. ಜನ ಹೆಚ್ಚಿದ್ದರೆ ಒಬ್ಬರಿಗೆ ಒಂದೇ ರಾಡ್ ಸಾಕು.

ಹೊರಡುವಾಗಿನ ಮರ್ಯಾದೆ ಉಳಿಯಿತು. ಬೇಡದ ಮೀನು ಅಂತ ಮುಳ್ಳಿನ ತೇಡೆಯನ್ನೋ, ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆಯನ್ನೋ ಮರಳಿನ ಮೇಲೆ ಎಸೆದು ಹೋಗುವವರಿದ್ದಾರೆ. ಸಾಯುವ ಮೀನಿಗೂ ಅನ್ಯಾಯ, ಆಮೇಲೆ ತುಳಿಯುವ ಕಾಲಿಗೂ ಅನ್ಯಾಯ. ಜೀವ ಇರುವಾಗಲೇ ನೀರಿಗೆ ಬಿಡಿ. ಮರಿ ಮೀನನ್ನೂ ಬಿಡಿ, ಒದ್ದೆ ಕೈಯಲ್ಲಿ ಹಿಡಿದು ಬಿಡಿ. ಕತ್ತರಿಸಿದ ನೈಲಾನ್ ದಾರವನ್ನು ಜೇಬಿಗೆ ಹಾಕಿಕೊಳ್ಳಿ. ಅದು ಕೊಳೆಯೋದಿಲ್ಲ. ಹಕ್ಕಿಯ ಕಾಲಿಗೆ, ಆಮೆಯ ಕುತ್ತಿಗೆಗೆ, ನಾಯಿಮರಿಯ ಬಾಯಿಗೆ ಸುತ್ತಿಕೊಳ್ಳುತ್ತೆ. ರಾತ್ರಿ ಹೊತ್ತಾದರೆ ತಲೆಗೆ ಕಟ್ಟಿದ ಟಾರ್ಚನ್ನು ಪಕ್ಕದವರ ಕಣ್ಣಿಗೆ ಬಿಡಬೇಡಿ. ಬಾಟಲಿ ಬಗ್ಗೆ ನಾನು ಬೇರೆ ಹೇಳಬೇಕಾ?

ಇಷ್ಟೆಲ್ಲ ನೆನಪಿಟ್ಟುಕೊಳ್ಳೋದು ಕಷ್ಟ ಅಂತೀರಾ? ಸರಿ, ಒಂದೇ ಕೆಲಸ ಮಾಡಿ. ದಡಕ್ಕೆ ಹೋದ ಕೂಡಲೇ ರಾಡ್ ಬಿಚ್ಚಬೇಡಿ. ಮೊದಲೇ ನಿಂತಿರುವವರ ಹತ್ತಿರ ಹೋಗಿ. ‘ಅಣ್ಣಾ, ಇಲ್ಲಿ ಗಾಳ ಹಾಕಬಹುದಾ? ಬಲೆ ಬಿಡೋದು ಇದೆಯಾ ಇವತ್ತು?’ ಅಂತ ಕೇಳಿ. ಕೇಳಿದವರಿಗೆ ‘ಇಲ್ಲ ಮಾರಾಯ್ರೆ, ಬನ್ನಿ, ಸ್ವಲ್ಪ ಆಚೆ ನಿಲ್ಲಿ’ ಅನ್ನೋರೇ ಕರಾವಳಿಯಲ್ಲಿ ಹೆಚ್ಚು. ಯಾವ ತಗ್ಗಿನಲ್ಲಿ ಮೀನಿದೆ, ಎಲ್ಲಿ ನೀರಿನ ಸೆಳೆತ ಜೋರು, ಎಲ್ಲಿ ಕಾಲಿಡಬಾರದು ಅನ್ನೋದನ್ನೂ ಅವರೇ ಹೇಳುತ್ತಾರೆ. ನಿಮ್ಮ ದುಬಾರಿ ರಾಡ್ ಹೇಳಿಕೊಡದೆ ಇರೋದು ಅದೇ.